ಭರಣಿಯಲ್ಲಿ ಎಷ್ಟು ಗೋಲಿ? ಲೆಕ್ಕ ಹಾಕಿದರೆ 1,435, ಎಣಿಸಿದರೆ 846

ಶಾಲೆಯಂಗಳ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಬರುವ ಶನಿವಾರ ನಮ್ಮ ಶಾಲೆಯಲ್ಲಿ ಮೆಟ್ರಿಕ್ ಮೇಳವಿದೆ. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ಚುರುಮುರಿ ತಂದು ತೂಗಿ ಮಾರುತ್ತಾರೆ. ಈ ಸಲ ಒಂದು ಮೇಜಿನ ಮೇಲೆ ಭರಣಿ ಇಟ್ಟು, 'ಇದರಲ್ಲಿ ಎಷ್ಟಿವೆ ಹೇಳಿ' ಎಂಬ ಆಟವನ್ನೂ ಸೇರಿಸುವ ಆಸೆ. ಬರೀ ಊಹೆಯ ಆಟವಾಗಬಾರದು, ಮಕ್ಕಳು ಲೆಕ್ಕ ಹಾಕಿ ಹೇಳುವಂತಿರಬೇಕು ಎಂಬುದು ನನ್ನ ಹಟ.

ಮೊದಲು ನಾನೇ ಪರೀಕ್ಷಿಸಿ ನೋಡಿದೆ. ಅಂಗಡಿಯಲ್ಲಿ ಪೆಪ್ಪರ್‌ಮೆಂಟ್ ಇಡುವ ಉದ್ದನೆಯ ಭರಣಿ. ಒಳಗಿನ ಅಗಲ 14 ಸೆಂ.ಮೀ., ಗುರುತು ಹಾಕಿಕೊಂಡ ಎತ್ತರ 20 ಸೆಂ.ಮೀ. ಅಂದರೆ 3,079 ಘನ ಸೆಂ.ಮೀ., ಮೂರು ಲೀಟರಿಗೆ ತುಸು ಹೆಚ್ಚು. ಗೋಲಿಯ ವ್ಯಾಸ 16 ಮಿ.ಮೀ., ಗಾತ್ರ 2.145 ಘನ ಸೆಂ.ಮೀ. ಭಾಗಿಸಿದರೆ 1,435 ಬರುತ್ತದೆ. ಏಳನೇ ತರಗತಿಯ ಮಕ್ಕಳೊಂದಿಗೆ ಕುಳಿತು ಗುರುತಿನವರೆಗೂ ತುಂಬಿಸಿ ಎಣಿಸಿದೆವು. 846. ಎರಡನೇ ಸಲ ಎಣಿಸಿದರೂ 846.

ಉಳಿದ 589 ಗೋಲಿಗಳು ಎಲ್ಲಿ ಹೋದವು ಎಂದು ಮಕ್ಕಳು ಕೇಳುತ್ತಿದ್ದಾರೆ. ನಡುವೆ ಸಂದು ಇರುತ್ತದೆ ಎಂದು ಹೇಳಿದೆ. ಆದರೆ ಸಂದು ಎಷ್ಟು ಎಂಬುದನ್ನು ಮೊದಲೇ ತಿಳಿಯುವುದು ಹೇಗೆ? ಅದು ಗೊತ್ತಿಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲವಲ್ಲ?

ಕಾಳಿನಮಂಡಿ

ಮೇಷ್ಟ್ರೇ, ಆ 589 ಗೋಲಿಗಳ ಜಾಗದಲ್ಲಿ ಗಾಳಿ ಕುಳಿತಿದೆ. ನಮ್ಮ ವ್ಯಾಪಾರದಲ್ಲಿ ಆ ಗಾಳಿಗೂ ಬೆಲೆಯಿತ್ತು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮದು ತಂದೆಯ ಕಾಲದಿಂದ ಕಾಳುಕಡಿಯ ಮಂಡಿ. ತಂದೆಯವರು ಪಾವು, ಸೇರು, ಕೊಳಗಗಳಲ್ಲಿ ಅಳೆದು ಕೈ ಪಳಗಿಸಿಕೊಂಡವರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಅವರ ಬಾಯಿಯಲ್ಲಿ ಕಡೆಯವರೆಗೂ ಇತ್ತು. ಅದೇ ಸೇರು, ಅದೇ ರಾಗಿ, ಆದರೆ ಅಳೆಯುವ ಕೈ ಬೇರೆಯಾದರೆ ಕಾಳು ಬೇರೆಯಾಗುತ್ತದೆ ಎಂದು ಅವರು ನನಗೆ ಚಿಕ್ಕಂದಿನಲ್ಲೇ ತೋರಿಸಿಕೊಟ್ಟರು. ಮೇಲಿನಿಂದ ನಿಧಾನವಾಗಿ ಸುರಿದು, ಬಾಯಿಯ ಮಟ್ಟಕ್ಕೆ ಕೋಲಿನಿಂದ ಸವರಿದರೆ ಒಂದು ಅಳತೆ. ಸೇರನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಕುಸಿದ ಜಾಗಕ್ಕೆ ಮತ್ತೆ ಸುರಿದು ಸವರಿದರೆ ಇನ್ನೊಂದು ಅಳತೆ. ಮಂಡಕ್ಕಿ ಮಾರುವವರು ಎಡಗೈಯನ್ನು ಸೇರಿನ ಬಾಯಿಗೆ ಅಡ್ಡಗಟ್ಟಿ ಮೇಲೆ ಗೋಪುರ ಕಟ್ಟುತ್ತಾರಲ್ಲ, ಅದು ಮೂರನೆಯದು.

ರೈತನಿಂದ ಕೊಳ್ಳುವಾಗ ಕುಟ್ಟಿ ಅಳೆದು, ಗಿರಾಕಿಗೆ ಮಾರುವಾಗ ಸಡಿಲವಾಗಿ ಸುರಿದು ಅಳೆಯುವವರೂ ಇದ್ದರು. ಒಂದು ಕಾಳನ್ನೂ ಕದಿಯದೆ ರೈತನ ಕಾಳನ್ನು ಕದಿಯುವ ಬಗೆ ಅದು. ತಂದೆಯವರಿಗೆ ಆ ಕೆಲಸ ಮಾಡುವವರ ಹೆಸರೆತ್ತಿದರೂ ಆಗುತ್ತಿರಲಿಲ್ಲ. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಲೆಕ್ಕ ಬರತೊಡಗಿದಾಗ ಅವರು ಸಂತೋಷಪಟ್ಟದ್ದು ಇದೇ ಕಾರಣಕ್ಕೆ. ತಕ್ಕಡಿಗೆ ಗಾಳಿಯ ಹಂಗಿಲ್ಲ.

ಒಂದು ಕೆಲಸ ಮಾಡಿ. ನಿಮ್ಮ ಭರಣಿಯ ಕೆಳಗೆ ಮಡಿಸಿದ ಗೋಣಿಚೀಲ ಇಟ್ಟು, ಹತ್ತಿಪ್ಪತ್ತು ಸಲ ಮೆಲ್ಲಗೆ ಕುಟ್ಟಿ. ಎಷ್ಟು ಇಳಿಯುತ್ತದೆ ನೋಡಿ ಇಲ್ಲಿ ತಿಳಿಸಿ.

ಶಾಲೆಯಂಗಳ

ಯಜಮಾನರೇ, ಇವತ್ತೇ ಮಾಡಿದೆವು. ಮಟ್ಟ ಸುಮಾರು ಒಂದು ಸೆಂಟಿಮೀಟರ್ ಇಳಿಯಿತು. ಗುರುತಿನವರೆಗೆ ತುಂಬಲು ಇನ್ನೂ 38 ಗೋಲಿ ಹಿಡಿಸಿದವು. ಈಗ ಒಟ್ಟು 884. ಅಂದರೆ ಮೊದಲು ಭರಣಿಯ ನೂರರಲ್ಲಿ 59 ಭಾಗ ಗೋಲಿಯಿತ್ತು, ಈಗ ಸುಮಾರು 62 ಭಾಗ. ಆಮೇಲೆ ಎಷ್ಟು ಕುಟ್ಟಿದರೂ ಇಳಿಯಲಿಲ್ಲ.

ಒಗ್ಗರಣೆಡಬ್ಬಿ

ಮೇಷ್ಟ್ರೇ, ಸಂದು ಎಷ್ಟಿದೆ ಎಂದು ಊಹಿಸುವುದೇಕೆ? ಗೋಲಿ ತುಂಬಿದ ಭರಣಿಗೆ ಗುರುತಿನವರೆಗೂ ನೀರು ಸುರಿಯಿರಿ. ಎಷ್ಟು ನೀರು ಹಿಡಿಯಿತೋ ಅಷ್ಟು ಸಂದು. ಗೋಲಿ ನೀರು ಕುಡಿಯುವುದಿಲ್ಲ. ಕಡಲೆ, ಹುರುಳಿಯಾದರೆ ಈ ಉಪಾಯ ಬೇಡ, ನೆನೆದು ಉಬ್ಬುತ್ತವೆ.

ಶಾಲೆಯಂಗಳ

ಅಕ್ಕ, ಎಷ್ಟು ಸರಳ! 1 ಲೀಟರ್ 200 ಮಿ.ಲೀ. ನೀರು ಹಿಡಿಯಿತು. 3,079ರಲ್ಲಿ ಅದನ್ನು ಕಳೆದರೆ 1,879. ಒಂದು ಗೋಲಿಯ ಗಾತ್ರದಿಂದ ಭಾಗಿಸಿದರೆ 876. ನಿಜವಾದ ಎಣಿಕೆ 884. ಒಂದು ಗೋಲಿಯನ್ನೂ ಮುಟ್ಟದೆ ಎಂಟರ ವ್ಯತ್ಯಾಸದಲ್ಲಿ ಉತ್ತರ ಬಂದದ್ದನ್ನು ಕಂಡು ಮಕ್ಕಳು ಕುಣಿದುಬಿಟ್ಟರು.

ಆದರೆ ಮೇಳದ ದಿನ ಭರಣಿಯ ಮುಚ್ಚಳ ಮುಚ್ಚಿರುತ್ತದೆ. ಹೊರಗಿನಿಂದ ನೋಡಿಯೇ ಹೇಳಬೇಕು. ಆಗ ನೂರಕ್ಕೆ 60 ಎಂದು ಇಟ್ಟುಕೊಂಡರೆ ಸಾಕೇ?

ಗೋಲಗಣಿತ

ಗೋಲಿಗಾದರೆ ಸಾಕು, ಬೇರೆ ವಸ್ತುಗಳಿಗೆ ಸಾಲದು. ನಾನು ಪದವಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಇದು ನನಗೆ ಬಹಳ ಪ್ರಿಯವಾದ ವಿಷಯ.

ಒಂದೇ ಅಳತೆಯ ಗೋಲಗಳನ್ನು ಅತ್ಯಂತ ಒತ್ತಾಗಿ ಜೋಡಿಸಿದರೆ ನೂರರಲ್ಲಿ 74.05 ಭಾಗ ತುಂಬುತ್ತದೆ. ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಮೂಸಂಬಿ ಗಾಡಿಯವನು ಹಣ್ಣನ್ನು ಪೇರಿಸುವ ಕ್ರಮ ಇದೇ: ಕೆಳಗಿನ ಸಾಲಿನ ಮೂರು ಹಣ್ಣುಗಳ ನಡುವಿನ ತಗ್ಗಿನಲ್ಲಿ ಮೇಲಿನ ಒಂದು ಹಣ್ಣು. ಇಂಗ್ಲೆಂಡಿನ ವಾಲ್ಟರ್ ರಾಲಿ ಎಂಬ ನಾವಿಕ ಫಿರಂಗಿ ಗುಂಡುಗಳ ರಾಶಿಯ ಲೆಕ್ಕವನ್ನು ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನಿಗೆ ಕೇಳಿದ, ಹ್ಯಾರಿಯಟ್ ಖಗೋಳ ವಿಜ್ಞಾನಿ ಕೆಪ್ಲರನೊಡನೆ ಪತ್ರ ವ್ಯವಹಾರ ನಡೆಸಿದ. 1611ರಲ್ಲಿ ಕೆಪ್ಲರ್ ಹಿಮದ ಹರಳುಗಳ ಬಗ್ಗೆ ಬರೆದ ಪುಟ್ಟ ಹೊತ್ತಗೆಯಲ್ಲಿ 'ಇದಕ್ಕಿಂತ ಒತ್ತಾದ ಜೋಡಣೆ ಇಲ್ಲ' ಎಂದ. ಹಣ್ಣಿನ ವ್ಯಾಪಾರಿಯ ಕೈಗೆ ಗೊತ್ತಿದ್ದ ಈ ಮಾತನ್ನು ಸಾಧಿಸಲು ಗಣಿತಕ್ಕೆ ಸುಮಾರು ನಾಲ್ಕು ಶತಮಾನ ಬೇಕಾಯಿತು. ಕ್ರಮಬದ್ಧ ಜೋಡಣೆಗಳ ಮಟ್ಟಿಗೆ ಗೌಸ್ 1831ರಲ್ಲಿ ಸಾಧಿಸಿದ. ಎಲ್ಲ ಬಗೆಯ ಜೋಡಣೆಗಳಿಗೂ ಅನ್ವಯಿಸುವ ಸಾಧನೆಯನ್ನು ಥಾಮಸ್ ಹೇಲ್ಸ್ 1998ರಲ್ಲಿ ಮುಂದಿಟ್ಟರು. ಅದು ಎಷ್ಟು ಜಟಿಲವಾಗಿತ್ತೆಂದರೆ ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದ ಪರಿಶೀಲಿಸುವ ಕೆಲಸ ಮುಗಿದದ್ದು 2014ರಲ್ಲಿ.

ಆದರೆ ಭರಣಿಗೆ ಯಾರೂ ಮೂಸಂಬಿಯಂತೆ ಪೇರಿಸುವುದಿಲ್ಲ, ಸುರಿಯುತ್ತಾರೆ. ಸುರಿದು ಚೆನ್ನಾಗಿ ಅಲುಗಿಸಿದ ಗೋಲಗಳು ಸುಮಾರು 64 ಭಾಗಕ್ಕೆ ಬಂದು ನಿಲ್ಲುತ್ತವೆ. ಒಂದನ್ನೊಂದು ಅಡ್ಡಗಟ್ಟಿ ಬಿಗಿಯುವುದರಿಂದ ಅಲ್ಲಿಂದ ಮುಂದೆ ಸಾಗುವುದು ಬಹಳ ಕಷ್ಟ.

ನಿಮ್ಮಲ್ಲಿ 62ಕ್ಕೇ ನಿಂತದ್ದೇಕೆ? ಗೋಡೆಯಿಂದ. ಗೋಲಿ ಗೋಡೆಯೊಳಗೆ ನುಗ್ಗಲಾರದು, ಆದ್ದರಿಂದ ಗೋಡೆಯ ಉದ್ದಕ್ಕೂ, ತಳದಲ್ಲಿ ಸಂದು ಹೆಚ್ಚು. ನಿಮ್ಮ ಭರಣಿಯ ಅಗಲ ಕೇವಲ ಒಂಬತ್ತು ಗೋಲಿಗಳಷ್ಟೂ ಇಲ್ಲ. ಗೋಡೆಯಿಂದ ಒಂದು ಗೋಲಿಯ ದೂರದೊಳಗಿರುವ ಜಾಗವನ್ನು ಲೆಕ್ಕ ಹಾಕಿ ನೋಡಿ, ಇಡೀ ಭರಣಿಯ ನೂರಕ್ಕೆ 40 ಭಾಗ! ಅದೇ ಭರಣಿಗೆ 2 ಮಿ.ಮೀ. ಸಾಸಿವೆ ಸುರಿದರೆ ಗೋಡೆಯ ಪಕ್ಕದ ಆ ಜಾಗ ನೂರಕ್ಕೆ 6ಕ್ಕಿಂತ ಕಡಿಮೆ. ಗೋಡೆಯ ಕಾಟ ದೊಡ್ಡ ವಸ್ತುಗಳಿಗೆ ಹೆಚ್ಚು.

ಶಾಲೆಯಂಗಳ

ಈ 40 ಭಾಗದ ಮಾತು ನನಗೆ ಹೊಳೆದೇ ಇರಲಿಲ್ಲ. ಸರ್, ನಮ್ಮ ತರಗತಿಯ ಒಬ್ಬ ಹುಡುಗಿ ಬೇರೆ ದಾರಿ ಹಿಡಿದಳು. ಭರಣಿಯನ್ನು ಎತ್ತಿ ತಳದಿಂದ ಕಾಣುವ ಗೋಲಿಗಳನ್ನು ಎಣಿಸಿದಳು: 59. ಆಮೇಲೆ ಪಕ್ಕದಿಂದ ನೋಡಿ, 'ಸಾರ್, ಗೋಲಿಗಳು ನೆಟ್ಟಗೆ ಒಂದರ ತಲೆಯ ಮೇಲೆ ಒಂದು ಕೂತಿಲ್ಲ, ತಗ್ಗಿನಲ್ಲಿ ಇಳಿದು ಕೂತಿವೆ, ಅದಕ್ಕೆ ಹನ್ನೆರಡು ಸಾಲಿಗಿಂತ ಹೆಚ್ಚಿರಬೇಕು' ಎಂದಳು. ಹದಿನಾಲ್ಕು ಸಾಲು ಎಂದುಕೊಂಡು 826 ಹೇಳಿದಳು. ಅದು ಅಲುಗಿಸದ ಭರಣಿ, 846 ಇದ್ದದ್ದು. ಅವಳಿಗೆ ನೂರಕ್ಕೆ 60 ಎಂಬ ಸೂತ್ರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗೋಲಗಣಿತ

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. 20 ಸೆಂ.ಮೀ. ಎತ್ತರಕ್ಕೆ ನೆಟ್ಟಗೆ ಪೇರಿಸಿದರೆ ಹನ್ನೆರಡೂವರೆ ಸಾಲು ಮಾತ್ರ. ತಗ್ಗಿಗೆ ಇಳಿಯುವುದರಿಂದ ಸಾಲು ಹೆಚ್ಚುತ್ತದೆ ಎಂದು ಅವಳು ಕಣ್ಣಿನಿಂದಲೇ ಕಂಡುಕೊಂಡಿದ್ದಾಳೆ. ಮುಚ್ಚಿದ ಭರಣಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ನ್ಯೂಜೆರ್ಸಿಕನ್ನಡಿಗ

ಇಲ್ಲಿ ಕಚೇರಿಗಳಲ್ಲಿ ಹಬ್ಬದ ಸಮಯಕ್ಕೆ ಮಿಠಾಯಿ ಭರಣಿ ಇಟ್ಟು ಎಣಿಕೆ ಊಹಿಸುವ ಸ್ಪರ್ಧೆ ನಡೆಯುತ್ತದೆ. ಸಾಮಾನ್ಯವಾಗಿ ಎಂ ಆ್ಯಂಡ್ ಎಂ ಎಂಬ ಚಾಕೊಲೇಟ್ ಗುಂಡಿಗಳು. ನಾನು ಎರಡು ವರ್ಷ 64ರ ಲೆಕ್ಕ ಹಾಕಿ ಎರಡು ಸಲವೂ ಕಡಿಮೆ ಹೇಳಿದೆ. ಕಾರಣ ಆಮೇಲೆ ಓದಿ ತಿಳಿಯಿತು. ನಮ್ಮ ಮನೆಯಿಂದ ದೂರವಿಲ್ಲದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಚಾಕೊಲೇಟನ್ನು ಪಾತ್ರೆಗೆ ಸುರಿದು ಪರೀಕ್ಷಿಸಿ 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಗೋಲಗಳಿಗೆ 64 ಆದರೆ, ಚಪ್ಪಟೆ ಗೋಲದಂತಿರುವ ಈ ಗುಂಡಿಗಳು 68ರಿಂದ 71 ಭಾಗದವರೆಗೆ ತುಂಬುತ್ತವೆ, ಅದೂ ಯಾರೂ ಜೋಡಿಸದೆ, ಬರಿಯ ಸುರಿತದಿಂದ.

ಗೋಲಿ ತಿರುಗಿದರೂ ಅದೇ ಆಕಾರ. ಚಪ್ಪಟೆ ಗುಂಡಿ ಹಾಗಲ್ಲ, ತಿರುಗಿ ಓರೆಯಾಗಿ ಸಂದಿನೊಳಗೆ ಜಾರಬಲ್ಲದು. ಅದನ್ನು ಕದಲದಂತೆ ಹಿಡಿಯಲು ನೆರೆಯವರು ಹೆಚ್ಚು ಬೇಕು: ಗೋಲಿಗೆ ಸರಾಸರಿ ಆರು ಕಡೆ ತಾಗಿದರೆ ಸಾಕು, ಇವಕ್ಕೆ ಸುಮಾರು ಹತ್ತು. ಹೆಚ್ಚು ತಾಗಿದಷ್ಟೂ ಹೆಚ್ಚು ಒತ್ತು. ಆದ್ದರಿಂದ ಮೇಷ್ಟ್ರು ಚಪ್ಪಟೆ ವಸ್ತು ಇಟ್ಟರೆ 60 ಎಂದು ಹೇಳಿಕೊಡಬಾರದು, 70 ಎಂದು ಹೇಳಿಕೊಡಬೇಕು.

ಒಗ್ಗರಣೆಡಬ್ಬಿ

ಇದನ್ನು ನಾನು ಒಪ್ಪುವುದಿಲ್ಲ. ಚಪ್ಪಟೆ ಎಂದ ಮಾತ್ರಕ್ಕೆ ಒತ್ತಾಗಿ ಕೂರುವುದಾದರೆ ಅವಲಕ್ಕಿ ಎಲ್ಲಕ್ಕಿಂತ ಒತ್ತಾಗಿ ಕೂರಬೇಕಿತ್ತು. ಒಂದು ಪಾವು ಅಕ್ಕಿ ತೂಗಿ, ಒಂದು ಪಾವು ತೆಳು ಅವಲಕ್ಕಿ ತೂಗಿ. ಅವಲಕ್ಕಿ ಅಕ್ಕಿಯ ಹತ್ತಿರಕ್ಕೂ ಬರುವುದಿಲ್ಲ. ಎಲೆಯಂತೆ ತೆಳ್ಳಗಿರುವುದು ಒಂದಕ್ಕೊಂದು ಆನಿಸಿಕೊಂಡು ಅಡ್ಡಾದಿಡ್ಡಿ ನಿಲ್ಲುತ್ತದೆ, ಒಳಗೆಲ್ಲ ಟೊಳ್ಳು. ನಿಮ್ಮ ಚಾಕೊಲೇಟಿನ ಮೈ ನುಣುಪು, ಅಂಚು ದುಂಡು. ಅದಕ್ಕೇ ಜಾರುತ್ತದೆ.

ಇನ್ನೊಂದು ವಿಷಯ. ಒಂದು ಡಬ್ಬಿ ಕಡಲೆಕಾಳು ತುಂಬಿ ಸವರಿ. ಇನ್ನು ಒಂದು ಕಾಳೂ ಹಿಡಿಸದು. ಈಗ ಅದರ ಮೇಲೆ ಸಾಸಿವೆ ಸುರಿದು ಅಲುಗಿಸಿ. ಡಬ್ಬಿ ಒಂದಿಷ್ಟೂ ದೊಡ್ಡದಾಗದೆ ಹಿಡಿಗಟ್ಟಲೆ ಸಾಸಿವೆ ನುಂಗುತ್ತದೆ. ಆದ್ದರಿಂದ ಭರಣಿಯಲ್ಲಿ ಒಂದೇ ಗಾತ್ರದ ವಸ್ತು ಇದೆಯೋ ಬೆರಕೆ ಇದೆಯೋ ಎಂಬುದನ್ನು ಮೊದಲು ನೋಡಬೇಕು.

ನ್ಯೂಜೆರ್ಸಿಕನ್ನಡಿಗ

ಅಕ್ಕ, ಅವಲಕ್ಕಿಯ ಮಾತು ಸರಿ. ಅತಿ ಚಪ್ಪಟೆಯಾದರೆ ಒತ್ತು ಮತ್ತೆ ಇಳಿಯುತ್ತದೆ ಎಂದು ಅವರ ಲೆಕ್ಕದಲ್ಲೂ ಇದೆ. ಸ್ವಲ್ಪ ಮಾತ್ರ ಚಪ್ಪಟೆಯಾದದ್ದು ಚೆನ್ನಾಗಿ ಕೂರುತ್ತದೆ. ಎಲ್ಲ ಚಪ್ಪಟೆ ವಸ್ತುಗಳಿಗೂ 70 ಎಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ.

ಜಲ್ಲಿಮರಳು

ಅಕ್ಕನ ಕಡಲೆ ಸಾಸಿವೆಯೇ ನಮ್ಮ ಕಾಂಕ್ರೀಟು. ನಾನು ಕಟ್ಟಡದ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು. ಒಂದು ಘನ ಮೀಟರ್ ಕಾಂಕ್ರೀಟಿಗೆ ಒಣ ಸಾಮಗ್ರಿ 1.54 ಘನ ಮೀಟರ್ ಬೇಕೆಂದು ಲೆಕ್ಕ ಹಿಡಿಯುತ್ತೇವೆ. ಉಳಿದ 0.54 ಎಲ್ಲಿ ಹೋಯಿತೆಂದು ಹೊಸದಾಗಿ ಮನೆ ಕಟ್ಟಿಸುವವರು ಜಗಳಕ್ಕೇ ಬರುತ್ತಾರೆ. ಅದು ಎಲ್ಲೂ ಹೋಗಲಿಲ್ಲ, ಒಂದರ ಸಂದಿನಲ್ಲಿ ಇನ್ನೊಂದು ಅಡಗಿತು.

ಇದಕ್ಕೆ ತಿರುವುಮುರುವಾದದ್ದೂ ಇದೆ. ಮರಳು ಸ್ವಲ್ಪ ಒದ್ದೆಯಾದರೆ ಉಬ್ಬುತ್ತದೆ. ಕಣಗಳ ಸುತ್ತ ನೀರಿನ ಪದರ ಕೂತು ಒಂದನ್ನೊಂದು ದೂರ ಇಡುತ್ತದೆ. ತೂಕದಲ್ಲಿ ನೂರಕ್ಕೆ ಐದರಷ್ಟು ತೇವವಿದ್ದರೂ ಮರಳಿನ ಗಾತ್ರ ನೂರಕ್ಕೆ 20ರಿಂದ 30 ಹೆಚ್ಚಬಹುದು, ಸಣ್ಣ ಕಣದ ಮರಳಾದರೆ ಇನ್ನೂ ಹೆಚ್ಚು. ಪೂರ್ತಿ ಮುಳುಗಿಸಿದರೆ ಮತ್ತೆ ಕುಸಿದು ಒಣ ಮರಳಿನ ಮಟ್ಟಕ್ಕೇ ಬರುತ್ತದೆ. ನಮ್ಮ ಸ್ವಂತ ಮನೆಗೆ ಲಾರಿಯಲ್ಲಿ ಅಳೆದು ಕೊಂಡ ಮರಳು ಬಿಸಿಲಿಗೆ ಒಣಗಿದ ಮೇಲೆ ಐದರಲ್ಲಿ ನಾಲ್ಕು ಪಾಲಾಯಿತು. ಕೊಟ್ಟ ಹಣ ಮಾತ್ರ ಒಣಗಲಿಲ್ಲ. ಅಂದಿನಿಂದ ತೂಕದ ಲೆಕ್ಕದಲ್ಲೂ ತೇವವನ್ನು ನೋಡಿಯೇ ಕೊಳ್ಳುತ್ತೇನೆ.

ಹಳೆಲೆಕ್ಕ

ಪಾತ್ರೆಯೇ ಇಲ್ಲದ ರಾಶಿಯನ್ನು ಅಳೆಯುವ ಲೆಕ್ಕ ನಮ್ಮ ಹಳೆಯ ಗಣಿತದಲ್ಲಿ ಬಹಳ ಸೊಗಸಾಗಿದೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ರಾಶಿ ವ್ಯವಹಾರ ಎಂಬ ಭಾಗವೇ ಇದೆ. ನೆಲದ ಮೇಲೆ ಸುರಿದ ಧಾನ್ಯದ ರಾಶಿಯ ಸುತ್ತಳತೆಯನ್ನು ಮಾತ್ರ ಹಗ್ಗದಿಂದ ಅಳೆಯಿರಿ. ದಪ್ಪ ಕಾಳಾದರೆ ಸುತ್ತಳತೆಯ ಹತ್ತನೆಯ ಒಂದು ಭಾಗ ಎತ್ತರ. ಸಣ್ಣ ಕಾಳಾದರೆ ಹನ್ನೊಂದನೆಯ ಒಂದು ಭಾಗ. ಮುಳ್ಳಿರುವ, ಹೊಟ್ಟಿರುವ ಧಾನ್ಯವಾದರೆ ಒಂಬತ್ತನೆಯ ಒಂದು ಭಾಗ. ಸುತ್ತಳತೆಯ ಆರನೆಯ ಒಂದು ಭಾಗದ ವರ್ಗವನ್ನು ಆ ಎತ್ತರದಿಂದ ಗುಣಿಸಿದರೆ ರಾಶಿಯ ಗಾತ್ರ.

ಈ ಹತ್ತು, ಹನ್ನೊಂದು, ಒಂಬತ್ತು ಎಲ್ಲಿಂದ ಬಂದವು ಎಂದು ನಾನು ಕೋನಕ್ಕೆ ತಿರುಗಿಸಿ ನೋಡಿದೆ. ಹತ್ತನೆಯ ಭಾಗವೆಂದರೆ ರಾಶಿಯ ಇಳಿಜಾರು ಸುಮಾರು 32 ಡಿಗ್ರಿ. ಹನ್ನೊಂದನೆಯದು ಸುಮಾರು 30. ಒಂಬತ್ತನೆಯದು ಸುಮಾರು 35. ಇವತ್ತಿಗೂ ಕಾಳನ್ನು ಸುರಿದರೆ ನಿಲ್ಲುವ ಇಳಿಜಾರು ಇದರ ಆಸುಪಾಸಿನಲ್ಲೇ ಇರುತ್ತದೆ. ಜಾರುವ ಕಾಳು ತಗ್ಗಾಗಿ ಹರಡುತ್ತದೆ, ಒರಟು ಮೈಯದು ಎತ್ತರಕ್ಕೆ ನಿಲ್ಲುತ್ತದೆ. ಕಣದಲ್ಲಿ ನಿಂತು ನೋಡದವರಿಗೆ ಈ ವ್ಯತ್ಯಾಸ ಹೊಳೆಯುತ್ತಿರಲಿಲ್ಲ. ಗೋಡೆಗೆ ಆನಿಸಿದ ರಾಶಿಯಾದರೆ ಸುತ್ತಳತೆಯನ್ನು ಎರಡರಿಂದ, ಕೋಣೆಯ ಒಳಮೂಲೆಯ ರಾಶಿಯಾದರೆ ನಾಲ್ಕರಿಂದ ಗುಣಿಸಿಕೊಂಡು ಲೆಕ್ಕ ಮಾಡಬೇಕು, ಕೊನೆಗೆ ಬಂದ ಗಾತ್ರವನ್ನು ಅದೇ ಸಂಖ್ಯೆಯಿಂದ ಭಾಗಿಸಬೇಕು ಎಂಬುದೂ ಅಲ್ಲಿದೆ.

ಕಾಳಿನಮಂಡಿ

ಹಳೆಲೆಕ್ಕದವರೇ, ರೋಮಾಂಚನವಾಯಿತು. 12 ಮೀಟರ್ ಸುತ್ತಳತೆಯ ಭತ್ತದ ರಾಶಿ ಎಂದಿಟ್ಟುಕೊಳ್ಳೋಣ. ಒಂಬತ್ತನೆಯ ಭಾಗ, 1.33 ಮೀಟರ್ ಎತ್ತರ. ಆರನೆಯ ಭಾಗ 2, ಅದರ ವರ್ಗ 4. ಗುಣಿಸಿದರೆ 5.33 ಘನ ಮೀಟರ್. ನನ್ನ ಅನುಭವದಲ್ಲಿ ಒಂದು ಘನ ಮೀಟರ್ ಭತ್ತ ಆರು ಕ್ವಿಂಟಾಲಿಗೆ ತುಸು ಕಡಿಮೆ. ಸುಮಾರು 31 ಕ್ವಿಂಟಾಲ್ ಆಗುತ್ತದೆ.

ಗೋಲಗಣಿತ

ಒಂದು ತಿದ್ದುಪಡಿ. ಆರನೆಯ ಭಾಗ ಎಂಬುದು ಪೈ ಬೆಲೆಯನ್ನು 3 ಎಂದು ಹಿಡಿದ ವ್ಯವಹಾರದ ಲೆಕ್ಕ. 3.1416 ಹಿಡಿದರೆ 5.33ರ ಬದಲು 5.09 ಬರುತ್ತದೆ. ಇನ್ನೂ ನಿಖರವಾದ ಬೆಲೆ ಭಾಸ್ಕರರಿಗೆ ಗೊತ್ತಿತ್ತು, ಅದೇ ಗ್ರಂಥದಲ್ಲಿ 3927ನ್ನು 1250ರಿಂದ ಭಾಗಿಸಿ ಎಂದು ಕೊಟ್ಟಿದ್ದಾರೆ. ರಾಶಿ ಅಳೆಯುವವನಿಗೆ ಬಾಯಿಲೆಕ್ಕ ಸಾಕೆಂದು 3 ಇಟ್ಟರು ಎಂದು ನಾನು ತಿಳಿಯುತ್ತೇನೆ. ಹಾಗಾಗಿ ನಿಮ್ಮ ರಾಶಿ ಸುಮಾರು 30 ಕ್ವಿಂಟಾಲ್.

ಬೀಜಪರೀಕ್ಷೆ

ಆ 30 ಕ್ವಿಂಟಾಲಿನಲ್ಲಿ ಎಷ್ಟು ಕಾಳು ಎಂಬುದನ್ನು ನಾನು ಹೇಳುತ್ತೇನೆ. ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ನಮ್ಮ ದಿನನಿತ್ಯದ ಕೆಲಸವೇ ಸಾವಿರ ಕಾಳಿನ ತೂಕ ನೋಡುವುದು. ನೂರು ನೂರು ಬೀಜಗಳ ಎಂಟು ಗುಂಪು ಎಣಿಸಿ, ಬೇರೆ ಬೇರೆಯಾಗಿ ತೂಗಿ, ಸರಾಸರಿ ತೆಗೆದು ಹತ್ತರಿಂದ ಗುಣಿಸುತ್ತೇವೆ. ಎಂಟೂ ಗುಂಪುಗಳ ತೂಕ ಹತ್ತಿರ ಹತ್ತಿರ ಬರದಿದ್ದರೆ ಮತ್ತೆ ಎಣಿಸಬೇಕು. ಸಾವಿರ ಭತ್ತ ಸುಮಾರು 25 ಗ್ರಾಂ ತೂಗುವ ತಳಿಯಾದರೆ ನಿಮ್ಮ ರಾಶಿಯಲ್ಲಿ 12 ಕೋಟಿ ಕಾಳು. ಸಾವಿರ ರಾಗಿ ಎರಡೂವರೆಯಿಂದ ಮೂರು ಗ್ರಾಂ, ಆದ್ದರಿಂದ ಒಂದು ಕಿಲೋ ರಾಗಿಯಲ್ಲಿ ಸುಮಾರು 3.33 ಲಕ್ಷದಿಂದ ನಾಲ್ಕು ಲಕ್ಷ ಕಾಳು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಬೆಂದಿವೆ. ಚೀಲದ ಕಾಳು ಹಾಗಲ್ಲ. ದಾರಿಯುದ್ದಕ್ಕೂ ಕುಲುಕಿದ ಚೀಲದಲ್ಲಿ ನುಚ್ಚು, ಸಣ್ಣ ಕಾಳು ಸಂದುಗಳಲ್ಲಿ ಜಾರಿ ಕೆಳಗೆ ಸೇರುತ್ತವೆ, ದಪ್ಪ ಕಾಳು ಮೇಲೇಳುತ್ತದೆ. ಮೇಲಿನ ಒಂದು ಹಿಡಿ ತೆಗೆದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಚೀಲಕ್ಕೆ ಚುಚ್ಚುವ ಮೊನಚು ಕೊಳವೆಯಿಂದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಮಾದರಿ ತೆಗೆಯಬೇಕು. ಮೇಷ್ಟ್ರೇ, ಮಕ್ಕಳಿಗೆ ಇದನ್ನು ಮರೆಯದೆ ತೋರಿಸಿ.

ಹಳೆಲೆಕ್ಕ

ಎಣಿಕೆ ಕೋಟಿಗೆ ಬಂದದ್ದರಿಂದ ಒಂದು ಮಾತು. ಆರ್ಕಿಮಿಡೀಸ್ ಇಡೀ ವಿಶ್ವವನ್ನೇ ಪಾತ್ರೆಯಾಗಿಟ್ಟುಕೊಂಡು ಅದರಲ್ಲಿ ಎಷ್ಟು ಮರಳಿನ ಕಣ ಹಿಡಿಯುತ್ತವೆ ಎಂದು ಲೆಕ್ಕ ಹಾಕಿದ. ಆರಂಭಿಸಿದ್ದು ಗಸಗಸೆಯಿಂದ. ಒಂದು ಗಸಗಸೆಯಷ್ಟು ಜಾಗದಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಮರಳಿನ ಕಣ ಇರಲಾರದು, ನಲವತ್ತು ಗಸಗಸೆ ಸಾಲಾಗಿಟ್ಟರೆ ಒಂದು ಬೆರಳಗಲ ಮೀರುತ್ತದೆ ಎಂದು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ವಿಶ್ವದವರೆಗೆ ಏರಿದ. ಕೊನೆಗೆ ಬಂದದ್ದು ಒಂದರ ಮುಂದೆ 63 ಸೊನ್ನೆ.

ಗೋಲಗಣಿತ

ಮೇಳಕ್ಕೆ ಇನ್ನೊಂದು ಸಲಹೆ. ಎಲ್ಲ ಮಕ್ಕಳ ಊಹೆಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ, ಸರಾಸರಿಯನ್ನೂ ನಟ್ಟನಡುವಿನ ಚೀಟಿಯನ್ನೂ ನೋಡಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ದನಗಳ ಪ್ರದರ್ಶನದಲ್ಲಿ ಒಂದು ಕೊಬ್ಬಿದ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆಯಿತ್ತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ಪಡೆದು, ಓದಲು ಬಂದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದ. ನಟ್ಟನಡುವಿನ ಚೀಟಿ 1,207 ಪೌಂಡ್. ನಿಜವಾದ ತೂಕ 1,198. ಅಮೆರಿಕದಲ್ಲಿ ಜ್ಯಾಕ್ ಟ್ರೇನರ್ ಎಂಬ ಪ್ರಾಧ್ಯಾಪಕರು ತಮ್ಮ 56 ವಿದ್ಯಾರ್ಥಿಗಳಿಗೆ 850 ಮಿಠಾಯಿಗಳಿದ್ದ ಭರಣಿ ತೋರಿಸಿದಾಗ ಊಹೆಗಳ ಸರಾಸರಿ 871 ಬಂದಿತ್ತು. ಒಬ್ಬ ವಿದ್ಯಾರ್ಥಿ ಮಾತ್ರ ಅದಕ್ಕಿಂತ ಹತ್ತಿರ ಬಂದಿದ್ದ.

ಕಾಳಿನಮಂಡಿ

ಸರ್, ಪ್ಲಿಮತ್‌ನಲ್ಲಿ ಚೀಟಿ ಬರೆದವರಲ್ಲಿ ಕಟುಕರೂ ರೈತರೂ ಇದ್ದರು ತಾನೇ? ದನದ ಮೈ ಸವರಿ ತೂಕ ಹೇಳಬಲ್ಲವರು. ಗೊತ್ತಿರುವವರ ತಪ್ಪುಗಳು ಒಂದನ್ನೊಂದು ಸರಿದೂಗಿಸಬಹುದು. ಏನೂ ಅಳೆದು ಗೊತ್ತಿಲ್ಲದವರು ನೂರು ಜನ ಸೇರಿದರೂ ಎಲ್ಲರೂ ಒಂದೇ ಕಡೆಗೆ ತಪ್ಪುತ್ತಾರೆ. ಮಕ್ಕಳ ಕೈಗೆ ಮೊದಲು ಕಾಳು ಕೊಡಿ, ಆಮೇಲೆ ಊಹೆ ಕೇಳಿ.

ಶಾಲೆಯಂಗಳ

ಮೇಳ ಮುಗಿಯಿತು. ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಗೋಲಿಯ ಲೆಕ್ಕ ಏಳನೇ ತರಗತಿಯವರಿಗೆ ಆಗಲೇ ಗೊತ್ತಾಗಿದ್ದರಿಂದ ಹುಣಸೆಬೀಜ ಇಟ್ಟೆವು. ಊರಿನ ಮನೆಗಳಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ಇಟ್ಟಿರುತ್ತಾರೆ, ಅಳಗುಳಿ ಮಣೆಗೆ, ಚೌಕಾಬಾರಕ್ಕೆ. ಮಕ್ಕಳೇ ತಂದರು. ಅದೇ ಭರಣಿ, ಅದೇ ಗುರುತು. ಇಬ್ಬರು ಸಹೋದ್ಯೋಗಿಗಳು ಬಾಗಿಲು ಮುಚ್ಚಿಕೊಂಡು ನೂರರ ಗುಂಪು ಮಾಡಿ ಎಣಿಸಿದರು: 3,042.

143 ಚೀಟಿಗಳು ಬಂದವು. ನಟ್ಟನಡುವಿನ ಚೀಟಿ 1,450. ಅರ್ಧಕ್ಕೂ ಕಡಿಮೆ! ಯಜಮಾನರು ಹೇಳಿದಂತೆ ಹೆಚ್ಚಿನವರು ಒಂದೇ ಕಡೆಗೆ, ಕಡಿಮೆಯ ಕಡೆಗೆ ತಪ್ಪಿದ್ದರು. ವಿಚಿತ್ರವೆಂದರೆ ಸರಾಸರಿ ಮಾತ್ರ 3,290 ಬಂದಿತು, ನಿಜಕ್ಕೆ ಬಹಳ ಹತ್ತಿರ. ಗೋಲಗಣಿತ ಸರ್ ಗೆದ್ದರು ಎಂದುಕೊಂಡೆ. ಆಮೇಲೆ ಚೀಟಿಗಳನ್ನು ಮತ್ತೆ ನೋಡಿದರೆ ಒಂದನೇ ತರಗತಿಯ ಮಗುವೊಂದು ಎರಡು ಲಕ್ಷ ಎಂದು ಬರೆಸಿತ್ತು. ಆ ಒಂದು ಚೀಟಿ ತೆಗೆದರೆ ಉಳಿದ 142ರ ಸರಾಸರಿ 1,905. ಸರಾಸರಿಯನ್ನು ನಿಜದ ಹತ್ತಿರ ತಂದು ನಿಲ್ಲಿಸಿದ್ದು ಆ ಒಂದು ಮಗು. ಇದನ್ನು ಏಳನೇ ತರಗತಿಯಲ್ಲಿ ಎರಡು ಪೀರಿಯಡ್ ಚರ್ಚಿಸಿದೆವು, ಅವರು ಬಿಡಲಿಲ್ಲ.

ಗೋಲಗಣಿತ

ನಾನು ನಡುವಿನ ಚೀಟಿಯನ್ನೇ ನಂಬುವವನು, ಅದು ನಿಮ್ಮಲ್ಲಿ ಸೋತಿದೆ. ಯಜಮಾನರ ಮಾತು ನಿಂತಿತು. ಲೆಕ್ಕ ಹಾಕಿ ಹೇಳಿದವರು ಯಾರೂ ಇರಲಿಲ್ಲವೇ?

ಶಾಲೆಯಂಗಳ

ಇದ್ದರು ಸರ್. ಮೂವರು ಆರನೇ ತರಗತಿಯ ಹುಡುಗರು ಕ್ಷೀರಭಾಗ್ಯದ ಹಾಲು ಕುಡಿಯುವ ಲೋಟ ತಂದರು. ಅದು 200 ಮಿ.ಲೀ. ಹಿಡಿಯುವ ಲೋಟ. ಪಕ್ಕದಲ್ಲಿ ಇಟ್ಟಿದ್ದ ಅಂಥದೇ ಖಾಲಿ ಭರಣಿಗೆ ಗುರುತಿನವರೆಗೆ ನೀರು ತುಂಬಿಸಿ ಹದಿನೈದು ಲೋಟ ಮತ್ತು ಸ್ವಲ್ಪ ಎಂದು ಕಂಡುಕೊಂಡರು, 15.4 ಎಂದು ಬರೆದುಕೊಂಡರು. ಲೋಟ ಒರೆಸಿ, ಮಿಕ್ಕ ಹುಣಸೆಬೀಜ ತುಂಬಿ ಎಣಿಸಿದರು: 188. ಗುಣಿಸಿ 2,895 ಎಂದು ಚೀಟಿ ಹಾಕಿದರು. ಬಹುಮಾನ ಅವರಿಗೇ. ಅವರಿಗೆ ಭರಣಿಯ ಸಂದು ನೂರಕ್ಕೆ ಎಷ್ಟು ಎಂಬ ಪ್ರಶ್ನೆಯೇ ಬರಲಿಲ್ಲ, ಲೋಟದಲ್ಲೂ ಸಂದು ಇತ್ತಲ್ಲ.

ಆದರೂ ಸುಮಾರು 150 ಕಡಿಮೆ ಬಂತು. ಹುಡುಗರಿಗೆ ಅದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಎಲ್ಲಿ ತಪ್ಪಿದೆವು ಎಂದು ಕೇಳುತ್ತಿದ್ದಾರೆ.

ಗೋಲಗಣಿತ

ಒಂದು ಕಾರಣ ಗೋಡೆ. ಲೋಟ ಚಿಕ್ಕದು, ಹುಣಸೆಬೀಜ ಅದಕ್ಕೆ ದೊಡ್ಡದು. ಗೋಡೆಯ ಪಕ್ಕದ ಸಂದಿನ ಪಾಲು ಭರಣಿಗಿಂತ ಲೋಟದಲ್ಲಿ ಹೆಚ್ಚು.

ಕಾಳಿನಮಂಡಿ

ಇನ್ನೊಂದು ಕಾರಣ ನಾನು ಕೇಳುತ್ತೇನೆ. ಎಣಿಸಿದ ಕೋಣೆಯಿಂದ ಮೇಜಿನವರೆಗೆ ಭರಣಿಯನ್ನು ಹೊತ್ತು ತಂದಿರಲ್ಲವೇ? ಮಟ್ಟ ಇಳಿದಾಗ ಮೇಲೆ ಬೀಜ ಹಾಕಿದಿರಾ? ಹುಡುಗರ ಲೋಟವನ್ನು ಯಾರಾದರೂ ಕುಟ್ಟಿದರೇ?

ಶಾಲೆಯಂಗಳ

ಯಜಮಾನರೇ, ಎಣಿಸುವಾಗಲೇ ಭರಣಿಯನ್ನು ಅಲುಗಿಸಿ ಅಲುಗಿಸಿ ಗುರುತಿನವರೆಗೆ ತುಂಬಿದರಂತೆ, ಈಗ ಕೇಳಿ ತಿಳಿದೆ. ಹುಡುಗರ ಲೋಟವನ್ನು ಕುಟ್ಟಿರಲಿಲ್ಲ. ಇವತ್ತು ಮಧ್ಯಾಹ್ನದ ಊಟದ ನಂತರ ಮೂವರನ್ನೂ ಕರೆದು, ಲೋಟವನ್ನು ಗೋಣಿಯ ಮೇಲೆ ಹತ್ತು ಸಲ ಕುಟ್ಟಿಸಿ, ಕುಸಿದ ಜಾಗ ತುಂಬಿಸಿ, ಮತ್ತೆ ಎಣಿಸಿದೆವು. 199. ಗುಣಿಸಿದರೆ 3,065. ಭರಣಿಯಲ್ಲಿ ಇದ್ದದ್ದು 3,042.

ಈಗ ಅವರು ಒಲೆಯ ಪಕ್ಕದ ರಾಗಿ ಡಬ್ಬಿಯನ್ನು ಎಣಿಸಲು ಅಡುಗೆಯವರ ಅನುಮತಿ ಕೇಳುತ್ತಿದ್ದಾರೆ. ಬೀಜಪರೀಕ್ಷೆಯವರೇ, ಶಾಲೆಯಲ್ಲಿ ಗ್ರಾಂ ತೂಗುವ ತಕ್ಕಡಿ ಇಲ್ಲ. ಸಾವಿರ ರಾಗಿಯ ಬದಲು ಒಂದು ಚಮಚ ರಾಗಿ ಎಣಿಸಿದರೆ ನಡೆಯುತ್ತದೆಯೇ?

ಬೀಜಪರೀಕ್ಷೆ

ನಡೆಯುತ್ತದೆ. ರಾಗಿ ಸಣ್ಣದು, ಚಮಚದ ಗೋಡೆ ಅಷ್ಟು ಕಾಡುವುದಿಲ್ಲ. ಚಮಚವನ್ನು ಸವರಲು ಹೇಳಿ, ಮೂರು ಚಮಚ ಬೇರೆ ಬೇರೆ ಎಣಿಸಲಿ, ಡಬ್ಬಿಯ ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು. ಒಬ್ಬೊಬ್ಬರಿಗೆ ಒಂದೊಂದು.